ಅಜ್ಜಿಕಲ್ಲಿನ ಹೊಳೆಯಲ್ಲಿ ನಿಂತ ಜೀಪು

"ಅಜ್ಜಿ ತಲೆ ಕಾಣ್ತದಾ, ನೋಡ್ರಪ್ಪಾ!"

ಹೊಳೆಯ ಇಳಿಜಾರಿಗೆ ಬಂದಾಗಲೆಲ್ಲ ನಮ್ಮ ಭಾವ ಮುದ್ದೀರಪ್ಪ ಕೂಗುತ್ತಿದ್ದದ್ದು ಇದೊಂದೇ ಮಾತು. ನೀರಿನ ನಡುವೆ ಒಂದು ಗುಂಡುಕಲ್ಲಿತ್ತು. ಯಾರೋ ಎಂದೋ ಅದರ ನೆತ್ತಿಗೆ ಸುಣ್ಣ ಬಳಿದಿದ್ದರು, ಹಾಗಾಗಿ ನರೆತ ಮುದುಕಿಯೊಬ್ಬಳು ಕುತ್ತಿಗೆಮಟ್ಟ ನೀರಲ್ಲಿ ಕೂತು ಮೀಯುತ್ತಿರುವ ಹಾಗೆ ಕಾಣುತ್ತಿತ್ತು. ಅಜ್ಜಿಕಲ್ಲು ಅಂತಲೇ ಅದಕ್ಕೆ ಹೆಸರು. ಬಿಳಿತಲೆ ಮೇಲಿದ್ದರೆ ಜೀಪು ದಾಟಬಹುದು, ಮುಳುಗಿದ್ದರೆ ಹಿಂದಿರುಗಬೇಕು. ಮೊದಮೊದಲು ಜನ ಕತ್ತು ಚಾಚಿ, ನೋಡಿಯೇ ಹೇಳುತ್ತಿದ್ದರು. ಬರಬರುತ್ತಾ ಅದು ದೇವರ ಮುಂದೆ ಗೋವಿಂದ ಹಾಕಿದ ಹಾಗಾಯಿತು. ಭಾವ ಕೇಳಿದ್ದೇ ತಡ, ಹಿಂದೆ ಕೂತವರು ಎಲೆಯಡಿಕೆ ಮಡಿಸುತ್ತಲೇ "ಕಾಣ್ತದೆ, ನಡೀ!" ಅಂದುಬಿಡುತ್ತಿದ್ದರು. ತಾನೇ ನೋಡಬಹುದಾದ್ದನ್ನು ಊರವರ ಬಾಯಲ್ಲಿ ಹೇಳಿಸುವುದು ಭಾವನ ತಮಾಷೆ ಅಂದುಕೊಂಡಿದ್ದೆವು.

ಆಚೆ ದಡದ ಹಳ್ಳಿಗಳಿಗೆ ಹೋಗಿಬರಲು ಆ ಜೀಪೊಂದೇ ಗತಿ. ನಾನು ಎಡಗಡೆ ಸೀಟಿನವಳು. ಜನರನ್ನು ಹತ್ತಿಸುವುದು, ಗಂಟು ಮೂಟೆ ಕಟ್ಟುವುದು, ಭಾವ ಕೇಳಿದ ಸ್ಪ್ಯಾನರ್ ಎತ್ತಿಕೊಡುವುದು ನನ್ನ ಕೆಲಸ. ಅಕ್ಕನ ಮದುವೆಯಾದ ಮೇಲೆ ಅವಳ ಮನೆಗೆ ಬಂದವಳು ನಾನು, ಅಡುಗೆಮನೆಗಿಂತ ಬಾನೆಟ್ಟಿನ ಅಡಿಯಲ್ಲೇ ಹೆಚ್ಚು ಹೊತ್ತು ಕಳೆಯುತ್ತೀನಿ ಅಂತ ಅಕ್ಕ ಬೈಯುತ್ತಿದ್ದಳು.

ಆ ಜೀಪಿಗೆ ಒಂದು ಕಾಯಿಲೆಯಿತ್ತು. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಪಾಯಿಂಟ್ ಅನ್ನುವ ಎರಡು ಪುಟ್ಟ ಲೋಹದ ತುಟಿಗಳು ತೆರೆದು ಮುಚ್ಚಿ ಇಂಜಿನ್ನಿಗೆ ಕಿಡಿ ಒದಗಿಸುತ್ತಿದ್ದವು. ಅವುಗಳಿಗೆ ತೇವ ತಗುಲಿದರೆ, ಮಸಿ ಕಟ್ಟಿದರೆ, ನಡುವಿನ ಕೂದಲೆಳೆ ಸಂದು ಹೆಚ್ಚುಕಮ್ಮಿಯಾದರೆ ಗಾಡಿ ಕೆಮ್ಮಿ ನಿಲ್ಲುತ್ತಿತ್ತು. ಆಗ ಭಾವ ಬೆಂಕಿಪೊಟ್ಟಣದ ಮದ್ದಿನ ಪಟ್ಟಿಯಲ್ಲಿ ಅವನ್ನು ಉಜ್ಜಿ, ಸಂದನ್ನು ಕಣ್ಣಳತೆಯಲ್ಲೇ ಸರಿಮಾಡಿ ಎಬ್ಬಿಸುತ್ತಿದ್ದ. ಅಂಥ ಭಾವ ಇದ್ದಕ್ಕಿದ್ದಂತೆ ಒಂದು ದಿನ, ಪಾಯಿಂಟ್ ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಬೇಕು ಅಂತ ಮೆಕ್ಯಾನಿಕ್ ಲೂರ್ದಣ್ಣನ ಶೆಡ್ಡಿಗೆ ಜೀಪು ತಂದು ನಿಲ್ಲಿಸಿದ.

"ಅಲ್ಲಾ ಮುದ್ದೀರಣ್ಣ, ಪಾಯಿಂಟ್ ಕೂರ್ಸೋದ್ರಲ್ಲಿ ನಿನ್ನ ಬಿಟ್ರಿಲ್ಲ ಅಂತ ಮೆರೀತಿದ್ದೆ. ಈಗ್ಯಾಕೆ ಈ ಸಹವಾಸ?" ಅಂದ ಲೂರ್ದಣ್ಣ.

"ವಯಸ್ಸಾದ್ಮೇಲೆ ಹೊಸಾ ಹೆಂಡ್ತಿ ಬೇಕು ಅನ್ನಿಸ್ತದಲ್ಲ, ಹಂಗೆ ಅಂದ್ಕೋ."

"ಅಕ್ಕಂಗೆ ಹೇಳ್ತೀನಿ ಭಾವ," ಅಂದೆ ನಾನು.

"ಹೇಳು ಅಮ್ಮಣ್ಣಿ. ಅವಳೇ ಹುಡುಕ್ಕೊಟ್ರೂ ಕೊಟ್ಟಾಳು."

ಲೂರ್ದಣ್ಣ ಪಾಯಿಂಟುಗಳನ್ನು ಬಿಚ್ಚಿ, ಅವುಗಳ ಜಾಗದಲ್ಲಿ ಹುಣಿಸೆಬೀಜದ ಬಣ್ಣದ ಪುಟ್ಟ ಡಬ್ಬಿಯೊಂದನ್ನು ಕೂರಿಸಿದ. ಇಂಜಿನ್ನು ಕೆಮ್ಮದೆ ಸೀನದೆ ಒಂದೇ ಉಸಿರಿಗೆ ಎದ್ದಿತು. ಆಮೇಲೆ ಅವನು ಗಂಭೀರವಾಗಿ ಹೇಳಿದ: "ಒಂದು ಮಾತು ನೆಪ್ಪಿಟ್ಕೋ. ಇಂಜಿನ್ ನಿಂತಿರೋವಾಗ ಕೀ ಆನ್ ಬಿಡಬೇಡ. ಡಬ್ಬಿ ಒಳಗೊಳಗೇ ಬೆಂದ್ಹೋಗ್ತದೆ, ಆಮೇಲೆ ಉಜ್ಜಿ ಎಬ್ಬಿಸೋ ಆಟ ಇಲ್ಲ. ಅದಕ್ಕೇ ಕೆಂಪು ದೀಪ ಹಾಕಿದೀನಿ. ಗಾಡಿ ನಿಂತಾಗ ಅದು ಉರೀತಿದ್ರೆ ಕೀ ಆನ್ ಇದೆ ಅಂತ. ಕಂಡ್ಯಾ?"

"ಕಂಡೆ, ಕಂಡೆ," ಅಂತ ಭಾವ ಹಾರ್ನಿನ ಗುಂಡಿ ಮುಟ್ಟಿದ. ಲೂರ್ದಣ್ಣ ನಗುತ್ತಾ ಅವನ ಬೆರಳು ಹಿಡಿದು ದೀಪದ ಮೇಲಿಟ್ಟ. ನಾನೂ ನಕ್ಕೆ.

ಕೆಲವು ದಿನ ಕಳೆದಿದ್ದವು. ಸುಡುಬಿಸಿಲಿನ ಒಂದು ಮಧ್ಯಾಹ್ನ. ನಮ್ಮ ನೆತ್ತಿಯ ಮೇಲೆ ಮೋಡದ ಚೂರೂ ಇರಲಿಲ್ಲ, ದೂರದ ಗುಡ್ಡಸಾಲು ಮಾತ್ರ ಮಳೆಮೋಡ ಕವಿದು ಕಪ್ಪಾಗಿತ್ತು. ಕೋಳಿ ಮಾರುವ ದೊಡ್ಡತಾಯಮ್ಮ ಬರುವವರೆಗೆ ಹೊಳೆಯ ಇಳಿಜಾರಿನಲ್ಲೇ ಕಾಯಬೇಕಾಯಿತು. ನಮ್ಮ ಜೀಪಿನ ಹ್ಯಾಂಡ್‌ಬ್ರೇಕು ಹೆಸರಿಗಷ್ಟೇ. ಇಳಿಜಾರಿನಲ್ಲಿ ಗಾಡಿಯನ್ನು ಗೇರಲ್ಲೇ ಇಟ್ಟು ಕ್ಲಚ್ಚು ಬಿಟ್ಟು ಗಕ್ಕನೆ ನಿಲ್ಲಿಸುವುದು ಭಾವನ ಹಳೆಯ ಅಭ್ಯಾಸ. ಹಾಗೆ ನಿಲ್ಲಿಸಿದವನು ಹೊಂಗೆಮರದ ನೆರಳಿಗೆ ಹೋಗಿ ಬೀಡಿ ಹಚ್ಚಿದ.

ದೊಡ್ಡತಾಯಮ್ಮ ಏದುಸಿರು ಬಿಡುತ್ತಾ ಬಂದಳು. ನಾನು ಹಿಂದೆ ಬಗ್ಗಿ ಅವಳ ಕೋಳಿಬುಟ್ಟಿಗೆ ಹಗ್ಗ ಬಿಗಿಯುತ್ತಿದ್ದೆ. ಭಾವ ಹತ್ತಿ ಕೂತು, ಕಾಲಿನಲ್ಲಿ ಸೆಲ್ಫ್ ಸ್ಟಾರ್ಟರಿನ ಗುಂಡಿ ಒತ್ತಿದ, ಇಂಜಿನ್ನು ಎದ್ದಿತು. ಅವನ ಕೈ ಕೀಲಿಯ ಕಡೆಗೆ ಹೋಗಲೇ ಇಲ್ಲ ಅನ್ನುವುದು ನನಗೆ ಹೊಳೆದದ್ದು ಆಮೇಲೆ.

"ಅಜ್ಜಿ ತಲೆ ಕಾಣ್ತದಾ?"

"ಕಾಣ್ತದೆ, ನಡೀ!" ಅಂದಳು ದೊಡ್ಡತಾಯಮ್ಮ, ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತಾ.

ನಾನು ತಲೆಯೆತ್ತಿದಾಗ ಮುಂದಿನ ಚಕ್ರಗಳು ನೀರಿಗೆ ಬಿದ್ದಾಗಿತ್ತು. ನೀರು ರಾಗಿಮುದ್ದೆಯ ಬಣ್ಣಕ್ಕೆ ತಿರುಗಿತ್ತು. ಹೊಳೆಯ ನಡುವೆ ಅಜ್ಜಿಯಿರಲಿಲ್ಲ. ಅವಳಿರಬೇಕಾದ ಜಾಗದಲ್ಲಿ ನೀರು ಸುಳಿಯುತ್ತಿತ್ತು.

"ಭಾವ, ಕಲ್ಲಿಲ್ಲ! ಹಿಂದಕ್ಕೆ ತಗೋ!"

ಹಿಂದಕ್ಕೆ ತೆಗೆಯುವ ಹೊತ್ತು ಮೀರಿತ್ತು. ಅಲ್ಲಿ ನಿಲ್ಲಿಸಿದರೆ ಚಕ್ರ ಮರಳಲ್ಲಿ ಹೂತುಹೋಗುತ್ತಿತ್ತು. ಭಾವ ಹಲ್ಲು ಕಚ್ಚಿ ಮುಂದಕ್ಕೇ ನುಗ್ಗಿಸಿದ. ನೀರು ಕಾಲಡಿಯ ತಗಡಿನ ಸಂದಿಯಿಂದ ಚಿಲುಮೆಯ ಹಾಗೆ ಎದ್ದು ನನ್ನ ಪಾದ ಮುಳುಗಿಸಿತು. ಮುಕ್ಕಾಲು ಹೊಳೆ ದಾಟಿದ್ದೆವೇನೋ. ಇಂಜಿನ್ನು ಕೆಮ್ಮಲಿಲ್ಲ, ಮುನ್ಸೂಚನೆ ಕೊಡಲಿಲ್ಲ, ದೀಪ ಆರಿಸಿದಂತೆ ನಿಂತುಹೋಯಿತು.

ಅಂಥ ಮೌನವನ್ನು ನಾನು ಮತ್ತೆಂದೂ ಕೇಳಿಲ್ಲ. ಅದರ ಹಿಂದೆಯೇ ನೀರಿನ ಸದ್ದು ಕಿವಿಗೆ ನುಗ್ಗಿತು. ಜೀಪು ಕೆಳಹೊಳೆಯ ಕಡೆಗೆ ಒಂದು ಗೇಣು ಜರುಗಿತು. ದೊಡ್ಡತಾಯಮ್ಮ ಕಂಬಿ ತಬ್ಬಿಕೊಂಡು ಕಂಡ ಕಂಡ ದೇವರನ್ನೆಲ್ಲ ಕರೆದಳು. ನಾನು ಮಡ್‌ಗಾರ್ಡಿನ ಮೇಲೆ ತೆವಳಿ ಬಾನೆಟ್ಟು ಎತ್ತಿದೆ. ಡಿಸ್ಟ್ರಿಬ್ಯೂಟರಿನಿಂದ ಅರಗು ಸುಟ್ಟ ವಾಸನೆ ಹೊಡೆಯಿತು.

"ಡಬ್ಬಿ ಬೆಂದದೆ ಭಾವ! ಕೀ ಆನ್ ಬಿಟ್ಟಿದ್ದೆಯಾ?"

"ಬಾ ಒಳಕ್ಕೆ," ಅಂದ ಭಾವ. ಬಾನೆಟ್ಟು ಮುಚ್ಚಿ ಬಂದೆ. ಅವನು ಫೋರ್‌ವೀಲಿನ ಲಿವರನ್ನು 'ಲೋ'ಗೆ ಎಳೆದು, ಒಂದನೇ ಗೇರಿಗೆ ಹಾಕಿ, ಕ್ಲಚ್ಚಿನ ಮೇಲಿಂದ ಕಾಲು ತೆಗೆದ. "ಇಂಜಿನ್ ಸತ್ರೂ ಸೆಲ್ಫ್ ಬದುಕದೆ. ಬ್ಯಾಟರಿ ಇರೋಗಂಟ ಸೆಲ್ಫಲ್ಲೇ ನಡ್ಸೋಣ." ಗುಂಡಿ ಒತ್ತಿದ. ಜೀಪು ನರಳುತ್ತಾ ಒಂದು ಮೊಳ ಮುಂದೆ ಕುಪ್ಪಳಿಸಿತು. ನನಗೆ ಜೀವ ಬಂದಂತಾಯಿತು.

ಎರಡನೆಯ ಸಲ ಒತ್ತುವ ಮುಂಚೆ ಭಾವ ನನ್ನ ಕಡೆ ಮುಖ ತಿರುಗಿಸಿದ. ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಅವನು ಮೆಲ್ಲಗೆ, ದೊಡ್ಡತಾಯಮ್ಮನಿಗೆ ಕೇಳದ ಹಾಗೆ ಕೇಳಿದ:

"ಅಮ್ಮಣ್ಣಿ, ದಡ ಯಾವ ಕಡೆ?"

ದಡ ನಮ್ಮ ಮೂಗಿನೆದುರಿಗೇ ಇತ್ತು. ಕಾರೆಗಿಡ, ಎತ್ತಿನ ಗಾಡಿಯ ಜಾಡು, ನೀರು ಕುಡಿಸಲು ಎತ್ತು ಹೊಡೆದುಕೊಂಡು ಬಂದು ಬಾಯಿಬಿಟ್ಟು ನಿಂತಿದ್ದ ಒಬ್ಬ ರೈತ, ಎಲ್ಲವೂ ಕಾಣುತ್ತಿದ್ದವು. ಪಾಯಿಂಟ್ ಬೇಡವಾದದ್ದೇಕೆ, ಬೆರಳು ಹಾರ್ನಿಗೆ ಹೋದದ್ದೇಕೆ, ಉರಿಯುತ್ತಿದ್ದ ಕೆಂಪು ದೀಪ ಕಾಣದೆ ಹೋದದ್ದೇಕೆ, ಪ್ರತಿ ಸಲವೂ ಅಜ್ಜಿಯ ತಲೆ ಕೇಳುತ್ತಿದ್ದದ್ದೇಕೆ ಎಲ್ಲ ಒಟ್ಟಿಗೇ ಅರ್ಥವಾಯಿತು.

ನಾನು ಎಡದಿಂದಲೇ ಬಾಗಿ ಸ್ಟೇರಿಂಗ್ ಹಿಡಿದೆ. "ನೀನು ಕಾಲು ನೋಡ್ಕೋ ಭಾವ. ಒತ್ತು."

ಅವನು ಒತ್ತಿದ. ಒಂದು ಮೊಳ. ನಾನು ಬಲಕ್ಕೆ ತಿರುಗಿಸಿದೆ. ಮತ್ತೊಂದು ಮೊಳ. ಪ್ರತಿ ಸಲವೂ ಸೆಲ್ಫಿನ ದನಿ ಸೊರಗುತ್ತಿತ್ತು, ಪ್ರತಿ ಸಲವೂ ಹೊಳೆ ನಮ್ಮನ್ನು ಪಕ್ಕಕ್ಕೆ ದೂಡುತ್ತಿತ್ತು. "ಒತ್ತು" ಅನ್ನುವುದು ಬಿಟ್ಟು ಅವನ ತೋಳು ತಟ್ಟತೊಡಗಿದೆ. ಕೊನೆಗೆ ಮುಂದಿನ ಚಕ್ರಗಳು ಗಟ್ಟಿನೆಲ ಕಚ್ಚಿದವು, ಹಿಂದಿನವೂ ಮೇಲೆ ಬಂದವು, ಸೆಲ್ಫು ಒಮ್ಮೆ ಮುಲುಗಿ ಸುಮ್ಮನಾಯಿತು.

"ಕಾಣ್ತದೆ ಅಂದ್ಯಲ್ಲ, ತಾಯಮ್ಮ?" ಅಂದ ಭಾವ.

"ದಿನಾ ಅನ್ನಲ್ವಾ? ನಿಂಗೇನು ಕಣ್ಣಿಲ್ವಾ? ಸುಮ್ನೆ ಕೇಳ್ತೀಯ ಅಂತ ಸುಮ್ನೆ ಹೇಳ್ದೆ!" ದೊಡ್ಡತಾಯಮ್ಮ ಅಳುತ್ತಾ, ಬೈಯುತ್ತಾ ಕೆಳಗಿಳಿದಳು.

ನಾವಿಬ್ಬರೇ ಉಳಿದೆವು. "ಯಾವಾಗ್ನಿಂದ ಭಾವ?"

"ಕಣ್ಗೆ ಪೊರೆ ಬಂದದೆ. ಮೊದ್ಲು ಮಂಜು ಕವಿದಂಗಿತ್ತು, ಈಗ ಬಿಸ್ಲಿದ್ರೆ ಬರೀ ಬೆಳ್ಳಗೆ. ದಾರಿ ಹೆಂಗೋ ಅಭ್ಯಾಸ. ಹೊಳೆ ಹತ್ರ ಮಾತ್ರ ಜನ ಹೇಳ್ತಿದ್ರಲ್ಲ."

"ಅಕ್ಕಂಗೆ ಗೊತ್ತಾ?"

"ಗೊತ್ತಾಗಿದ್ರೆ ಅವತ್ತೇ ಕೀ ಕಿತ್ಕೊಳ್ತಿದ್ಲು. ಜೀಪು ಬಿಟ್ರೆ ನಾನ್ಯಾರು, ಹೇಳು?"

ನೀರಿನಲ್ಲಿದ್ದಾಗ ಬಾರದ ನಡುಕ ನನಗೆ ಆಗ ಬಂತು. ಅವತ್ತೊಂದು ದಿನಕ್ಕಲ್ಲ. ಬಾಣಂತಿಯರು, ಮಕ್ಕಳು, ಮುದುಕರು ಎಲ್ಲರನ್ನೂ ತುಂಬಿಕೊಂಡು ನಾವು ಸಲೀಸಾಗಿ ದಾಟಿದ್ದ ಅಷ್ಟೂ ದಿನಗಳಿಗೆ.

ಎತ್ತಿನವನು ಹಗ್ಗ ಹಿಡಿದು ಬಂದ. "ಊರ್ಗಂಟ ಎಳ್ಕೊಂಡೋಗ್ತೀನಿ. ಸ್ಟೇರಿಂಗ್ ಯಾರು ಹಿಡೀತೀರಾ?"

ಭಾವ ತನ್ನೆರಡು ಕೈಗಳನ್ನು ಸ್ಟೇರಿಂಗಿನ ಮೇಲಿಟ್ಟು ಸ್ವಲ್ಪ ಹೊತ್ತು ಕೂತಿದ್ದ.

"ಅಮ್ಮಣ್ಣಿ ಹಿಡೀತಾಳೆ," ಅಂದ.

ಇಳಿದು, ಬಿಸಿ ಬಾನೆಟ್ಟಿನ ಮೇಲೆ ಅಂಗೈ ಸವರಿಕೊಂಡು ಸುತ್ತಿ ಬಂದು, ಎಡಗಡೆ ಸೀಟಿನ ಅಂಚನ್ನು ತಡವಿ ನೋಡಿ ಹತ್ತಿದ. ನಾನು ಅವನ ಜಾಗಕ್ಕೆ ಜರುಗಿದೆ. ಎತ್ತುಗಳು ತಲೆ ತಗ್ಗಿಸಿ ಎಳೆದವು. ಹಗ್ಗ ಬಿಗಿಯಾಯಿತು. ಜೀಪು ಸದ್ದಿಲ್ಲದೆ ಹೊರಟಿತು, ಒಣ ಮಣ್ಣಿನ ದಾರಿಯುದ್ದಕ್ಕೂ ತೊಟ್ಟಿಕ್ಕುತ್ತಾ.