ಹುಡುಗಿಯನ್ನು ಬೆಳ್ಳಗೆ ಮಾಡಿದ್ದು

ಮುನಿಆಂಜಿನಪ್ಪ ಯಶವಂತಪುರದ ಒಂದು ಛಾಪಾಖಾನೆಯಲ್ಲಿ ಮರದ ಅಚ್ಚು ಕೊರೆಯುತ್ತಿದ್ದ. ಅವನ ಕಸುಬಿನ ಕಾನೂನು ಸುಲಭ: ಉಳಿಯಿಂದ ಕೆತ್ತಿ ತೆಗೆದ ಜಾಗ ಕಾಗದದ ಮೇಲೆ ಬಿಳಿ, ಬಿಟ್ಟ ಜಾಗ ಕಪ್ಪು. ಒಮ್ಮೆ ಕೆತ್ತಿದ್ದನ್ನು ಮತ್ತೆ ಅಂಟಿಸಲು ಬ್ರಹ್ಮನ ಕೈಲೂ ಆಗದು.

ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಮಕ್ಕಳ ಪುಸ್ತಕವೊಂದಕ್ಕೆ ಚಿತ್ರ ಕೊರೆಯುವ ಕೆಲಸ ಬಂತು. ಕೆರೆಯ ಕಪ್ಪೆಗಳಿಗೆ ಮಗ್ಗಿ ಕಲಿಸುವ ಹುಡುಗಿಯ ಕಥೆ. ಆ ಹುಡುಗಿಗೆ ಅವನು ತನ್ನ ಏಳು ವರ್ಷದ ಮಗಳು ಪಟಾಲಮ್ಮನ ಮುಖವನ್ನೇ ಕೊಟ್ಟ. ಬ್ಯಾಟರಾಯನಪುರದ ಶಾಲೆಯಲ್ಲಿ ಮಕ್ಕಳು ಅವಳನ್ನು ಇದ್ದಿಲು ಅಂತ ಕರೆಯುತ್ತಿದ್ದರು. ದಿನಾ ಸಂಜೆ ಅಳುತ್ತಲೇ ಮನೆಗೆ ಬರುತ್ತಿದ್ದಳು, ಪಾಪ.

"ಅಳ್ಬ್ಯಾಡ ಮಗಾ," ಅಂದ. "ನೀನು ಪುಸ್ತಕದಾಗೆ ಬರ್ತೀಯ. ಆಮ್ಯಾಕೆ ಯಾವನ್ ನಗ್ತಾನೋ ನೋಡಾಣ."

ಅಂದಿನಿಂದ ಅವಳ ಅಳು ನಿಂತಿತು. ಪುಸ್ತಕ ಯಾವಾಗ ಬತ್ತದೆ ಅನ್ನುವ ಕಾಟ ಶುರುವಾಯಿತು.

ಆದರೆ ಪುಸ್ತಕ ಶಾಲೆಗೆ ಹೋಗಬೇಕಾದರೆ ಬಾಲಸಾಹಿತ್ಯ ಪರಿಶೀಲನಾ ಸಮಿತಿ ಒಪ್ಪಬೇಕು. ಐದು ಜನ ಘನವಂತರು; ಮಕ್ಕಳೆಂದರೆ ಐವರಿಗೂ ತಲೆನೋವು. ಅಚ್ಚಿನ ಬೆನ್ನಿಗೆ ಮೊಹರು ಒತ್ತಿ ಬರೆದರು: "ಕಥಾನಾಯಕಿ ಕಪ್ಪಗಿದ್ದರೆ ಮಕ್ಕಳ ಸೌಂದರ್ಯಪ್ರಜ್ಞೆ ಕೆಡುತ್ತದೆ. ಬೆಳ್ಳಗೆ ಮಾಡತಕ್ಕದ್ದು."

"ಬೇರೆ ಮರದಾಗೆ ಕೊರೀತೀನಿ ಸ್ವಾಮಿ," ಅಂದ ಮುನಿಆಂಜಿನಪ್ಪ.

"ಮೊಹರು ಬಿದ್ದಿರೋದು ಇದಕ್ಕೆ ಕಣಯ್ಯ," ಅಂದರು ಮಾಲೀಕರಾದ ವೆಂಕಟರಾಮಯ್ಯ. "ಹೊಸದು ಮಾಡಿದ್ರೆ ಅರ್ಜಿ ಮೊದಲಿಂದ ಹಾಕ್ಬೇಕು, ಎರಡು ವರ್ಷ. ಸುಮ್ನೆ ಕೆತ್ತು."

ಎರಡು ವರ್ಷ ಮಗಳು ಕಾಯುವುದುಂಟೆ! ಕೆನ್ನೆ, ಹಣೆ ಕೆತ್ತಿದ. ಗೆರೆಗಳಲ್ಲಾದರೂ ಮಗಳಿದ್ದಾಳಲ್ಲ ಅಂದುಕೊಂಡ.

ಸಮಿತಿಯಿಂದ ಮತ್ತೆ ಕಾಗದ ಬಂತು. ಕೆದರಿದ ಕೂದಲು ಅಶಿಸ್ತಿಗೆ ಪ್ರೋತ್ಸಾಹ, ತೆಗೆದ. ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಬರಿಗಾಲು ಸರ್ಕಾರಕ್ಕೆ ಅವಮಾನ, ಕಾಲು ಹೋಯಿತು. ಹೆಣ್ಣುಮಗು ಹಲ್ಲು ಬಿಟ್ಟು ನಗುವುದು ಸಲ್ಲದು. ಓದುಗರನ್ನು ನೆಟ್ಟಗೆ ನೋಡುವುದು ಉದ್ಧಟತನ. ಬಾಯಿ ಹೋಯಿತು, ಕಣ್ಣೂ ಹೋಯಿತು. ಕೊನೆಗೆ ಉಳಿದಿದ್ದು ಮೂಗುಬಟ್ಟಿನ ಒಂದು ಚುಕ್ಕೆ. ಅದರಿಂದ ಜಾತಿ ಗೊತ್ತಾಗುತ್ತದಂತೆ. ಇವರ ಮನೆ ಹಾಳಾಗ! ಆ ಚುಕ್ಕೆ ಕೆತ್ತುವ ಮುಂಚೆ ಮುನಿಆಂಜಿನಪ್ಪ ಉಳಿ ಕೆಳಗಿಟ್ಟ. ವೆಂಕಟರಾಮಯ್ಯನವರ ಮುಖ ನೋಡಿ ಮತ್ತೆ ಎತ್ತಿಕೊಂಡು ಕೆತ್ತಿದ.

ಅಚ್ಚು ಈಗ ಬೋಳು ಹಲಗೆ. ಸಮಿತಿಗೆ ಪರಮಾನಂದ. "ಈಗ ಲಕ್ಷಣವಾಗಿದ್ದಾಳೆ. ಮಂಜೂರು."

ಬಿಡುಗಡೆ ಬ್ಯಾಟರಾಯನಪುರದ ಶಾಲೆಯಲ್ಲೇ ನಡೆಯಿತು. ಪಟಾಲಮ್ಮ ಎಣ್ಣೆ ಹಚ್ಚಿ ಜಡೆ ಹಾಕಿಸಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದಳು. ಮುನಿಆಂಜಿನಪ್ಪ ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಮಗಳಿಗೆ ವಿಷಯ ಹೇಳಲು ಅವನಿಗೆ ಧೈರ್ಯ ಬಂದಿರಲಿಲ್ಲ.

ಸಮಿತಿಯ ಅಧ್ಯಕ್ಷರು ಖಾಲಿ ಪುಟ ಎತ್ತಿ ಹಿಡಿದರು. "ನೋಡಿ ಮಕ್ಕಳೇ, ಎಂಥ ಹಾಲುಬಣ್ಣದ ಹುಡುಗಿ!"

ಹೆಡ್‌ಮಾಸ್ತರರು ತಲೆಯಾಡಿಸಿದರು. ಮಕ್ಕಳೂ ಆಡಿಸಿದರು. "ಹೇಗಿದ್ದಾಳೆ?" ಅಂತ ಅಧ್ಯಕ್ಷರು ಕೇಳಿದರೆ "ಚೆನ್ನಾಗವ್ಳೆ ಸಾ!" ಅಂತ ಇಡೀ ಶಾಲೆ ಕೂಗಿತು. ಪಟಾಲಮ್ಮನ ದನಿಯೂ ಅದರಲ್ಲಿತ್ತು, ಎಲ್ಲರಿಗಿಂತ ಜೋರಾಗಿ.

ಮುನಿಆಂಜಿನಪ್ಪನಿಗೆ ತಡೆಯಲಾಗಲಿಲ್ಲ.

"ಏನೂ ಇಲ್ಲ ಕಣ್ರೋ ಅದ್ರಾಗೆ!" ಅಂತ ಕಿರುಚಿದ. "ಅಲ್ಲಿದ್ದೋಳು ನನ್ ಮಗಳು! ಈ ಕೈಯಾಗೇ ಕೆತ್ತಿ ಬಿಸಾಕಿದೀನಿ!"

ಸಭೆ ತಿರುಗಿ ಅವನನ್ನು ನೋಡಿತು, ಆಮೇಲೆ ಪಟಾಲಮ್ಮನನ್ನು. ಯಾರೋ ಕಿಸಕ್ಕೆಂದರು. ಅವಳು ಓಡಿ ಬಂದು ಅಪ್ಪನ ಬಾಯಿಗೆ ಕೈ ಅಡ್ಡ ಹಿಡಿದಳು.

"ಸುಮ್ಕಿರಪ್ಪ, ಎಲ್ರೂ ನಗ್ತಾವ್ರೆ," ಅಂದಳು ಮೆಲ್ಲಗೆ. "ಅವಳು ನಾನಲ್ಲ. ಎಷ್ಟ್ ಚೆಂದಾಗವ್ಳೆ ನೋಡು."