ರಸ್ತೆ ಹೇಳುವವನು

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ನಾನು ಏಳು ವರ್ಷ ಕ್ಲೀನರ್ ಆಗಿದ್ದೆ. ಬೆಳಿಗ್ಗೆ ಹ್ಯಾಂಡಲ್ ಹೊಡೆದು ಇಂಜಿನ್ ಎಬ್ಬಿಸುವುದು, ರೇಡಿಯೇಟರಿಗೆ ನೀರು ಹಾಕುವುದು, ಟಾಪಿನ ಮೇಲೆ ಮೂಟೆ ಏರಿಸುವುದು ನನ್ನ ಕೆಲಸವೆಂದು ಊರೆಲ್ಲ ತಿಳಿದಿತ್ತು. ಅದು ಬರೀ ತೋರಿಕೆ. ಕೊನೆಯ ಎರಡು ವರ್ಷ ನನ್ನ ನಿಜವಾದ ಕೆಲಸ ಬೇರೆಯೇ ಇತ್ತು. ಡ್ರೈವರ್ ಗುಲಾಬ್ ಸಾಬರಿಗೆ ನಾನು ಕಣ್ಣಾಗಿದ್ದೆ.

ಇದು ಜಂಬದ ಮಾತಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ. ಗುಲಾಬ್ ಸಾಬರನ್ನು ನಾನು ಉಸ್ತಾದ್ ಎಂದು ಕರೆಯುತ್ತಿದ್ದೆ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು, ನೆರಳು, ದೊಡ್ಡ ಮರ ತಿಳಿಯುತ್ತಿತ್ತು. ಎದುರಿಗೆ ಬರುವುದು ಎಮ್ಮೆಯೋ ಎತ್ತಿನ ಗಾಡಿಯೋ ತಿಳಿಯುತ್ತಿರಲಿಲ್ಲ. ತಿರುವು, ಹಳ್ಳ, ಮೋರಿ ಎಲ್ಲ ಇಪ್ಪತ್ತು ವರ್ಷದಿಂದ ಅವರ ಕೈಗೇ ಗೊತ್ತಿದ್ದವು. ಗೊತ್ತಿಲ್ಲದ್ದನ್ನು ನಾನು ಮುಂದಿನ ಎಡಬಾಗಿಲಲ್ಲಿ ನಿಂತು ಕೂಗುತ್ತಿದ್ದೆ. "ಎಡಕ್ಕೆ ಗಾಡಿ. ಎದುರಿಗೆ ಸೈಕಲ್ಲು. ದನ ಅದಾವು, ನಿಧಾನ." ಏನೂ ಇಲ್ಲದಿದ್ದರೆ "ಸಾಫ್" ಅನ್ನುತ್ತಿದ್ದೆ. ಕ್ಲೀನರುಗಳು ಕೂಗುವುದು ಇದ್ದದ್ದೇ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಬೆನಕಪ್ಪನ ಬಾಯಿಗೆ ಬಿಡುವೇ ಇಲ್ಲ ಎಂದು ಪ್ಯಾಸೆಂಜರುಗಳು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಪ್ರತಿ ಟ್ರಿಪ್ಪಿಗೂ ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದೆ.

ಅಷ್ಟು ಹೆದರಿಕೆ ಇದ್ದವನು ಯಾಕೆ ಒಪ್ಪಿಕೊಂಡೆ ಅಂತ ನೀವು ಕೇಳಬಹುದು. ಬಳ್ಳಿಗಾವಿಯಲ್ಲಿ ಹೊಲ ಬಿಟ್ಟು ಮೋಟರಿನ ಹಿಂದೆ ಬಂದೆನೆಂದು ನಮ್ಮಪ್ಪ ಪರಮಶಿವಪ್ಪ ನನ್ನನ್ನು ಮನೆಯಿಂದ ಹೊರಗೆ ಹಾಕಿದ್ದ. ಆಗ ಕರೆದು ಊಟ ಹಾಕಿದವರು ಉಸ್ತಾದರು. ಅವರ ಹೆಂಡತಿ ಹಾಜಿರಾ ಬೀ ನನಗೆಂದೇ ಸಂತೆಯಿಂದ ಹೊಸ ಮಡಕೆ ತಂದು, ಅದರಲ್ಲಿ ಬೇಳೆ ಬಿಟ್ಟು ಬೇರೇನೂ ಬೇಯಿಸುತ್ತಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದ ಹುಡುಗನಿಗೆ ತೊಂದರೆ ಆಗಬಾರದು ಅಂತ. ಅಂಥ ಮನೆಗೆ ನಾನು ಇಲ್ಲ ಅನ್ನುವುದು ಹೇಗೆ?

ಉಸ್ತಾದರ ಲೆಕ್ಕಾಚಾರ ಸರಳವಾಗಿತ್ತು. "ನಿನಗ ಲೈಸನ್ಸ್ ಆಗ್ಲಿ ಬೆನಕಾ. ಆಮ್ಯಾಲೆ ನಾನು ಶಿವಮೊಗ್ಗಕ್ಕೆ ಹೋಗಿ ಪೊರೆ ತೆಗೆಸ್ಕೊಂತೀನಿ. ಅಲ್ಲೀ ಮಟ ಸೀಟು ಬಿಟ್ರೆ ಬಸ್ಸಿನ ಸಾಹುಕಾರ್ರು ಬ್ಯಾರೆಯವನ್ನ ತಂದು ಕೂರಿಸ್ತಾರ. ನಿನ್ನೂ ಕೇಳಂಗಿಲ್ಲ, ನನ್ನೂ ಕೇಳಂಗಿಲ್ಲ." ಲೈಸನ್ಸಿಗೆ ಮೊದಲು ಕಲಿಯುವವರ ಪರ್ಮಿಟ್ಟು ಬೇಕು. ಪರ್ಮಿಟ್ಟು ಇದ್ದವನು ಒಬ್ಬನೇ ಓಡಿಸುವಂತಿಲ್ಲ, ಲೈಸನ್ಸ್ ಇರುವ ಡ್ರೈವರು ಪಕ್ಕದಲ್ಲಿ ಕೂತಿರಬೇಕು. ಆ ಡ್ರೈವರು ಅವರೇ.

ಪರ್ಮಿಟ್ಟಿನ ದಿನಕ್ಕೆ ಒಂದು ವಾರ ಮುಂಚೆ ಬಳ್ಳಿಗಾವಿ ಕ್ರಾಸಿನಲ್ಲಿ ಧೂಳು ಗಂಟಲಿಗೆ ಹೋಗಿ ನನಗೆ ಕೆಮ್ಮು ಹತ್ತಿತು. ನಾಲ್ಕು ಸಲ ಕೆಮ್ಮಿರಬೇಕು, ಅಷ್ಟೇ. ಅಷ್ಟರಲ್ಲಿ ಮಜ್ಜಿಗೆ ಮಾರುವ ತಾಯಮ್ಮ ತಲೆಯ ಮೇಲೆ ಮಡಕೆ ಹೊತ್ತು ರಸ್ತೆ ದಾಟುತ್ತಿದ್ದಳು. ಬಸ್ಸು ಅವಳ ಸೆರಗು ಸವರಿಕೊಂಡು ಹೋಯಿತು. ಮಡಕೆ ಒಡೆಯಿತು, ಅವಳು ಚರಂಡಿಗೆ ಬಿದ್ದಳು. ಎದ್ದು ನಿಂತು ಬಾಯಿಗೆ ಬಂದಂತೆ ಬೈದಳು. "ಕಣ್ಣು ಕಾಣಂಗಿಲ್ಲೇನೋ ನಿನಗ?" ಅಂದಳು. ಯಾರಾದರೂ ಬೈಯುವಾಗ ಅನ್ನುವ ಮಾತು ಅದು. ಅದು ಉಸ್ತಾದರಿಗೆ ಎಲ್ಲಿ ತಾಗಿತೆಂದು ನನಗೊಬ್ಬನಿಗೇ ಗೊತ್ತು. ಸೊರಬ ಮುಟ್ಟುವ ತನಕ ಅವರು ನನ್ನನ್ನು ಮೂರು ಸಲ ಕೇಳಿದರು, "ಆ ಹೆಣ್ಮಗಳಿಗೆ ಪೆಟ್ಟಾಗಿಲ್ಲ ಹೌದಲ್ಲೋ?" ಆಗಿಲ್ಲ ಅಂದೆ. ಅವಳ ಮೊಣಕೈಯಿಂದ ರಕ್ತ ಬರುತ್ತಿತ್ತು. ಅದನ್ನು ಹೇಳಲಿಲ್ಲ. ಆವತ್ತಿನಿಂದ ನನಗೆ ಅನ್ನ ಸೇರಲಿಲ್ಲ.

ಪರ್ಮಿಟ್ಟು, ಲೈಸನ್ಸು ಕೊಡುವ ಬ್ರೇಕ್ ಇನ್ಸ್‌ಪೆಕ್ಟರು ತಿಂಗಳಿಗೊಮ್ಮೆ ಸೊರಬದ ಮುಸಾಫರಿ ಬಂಗಲೆಗೆ ಕ್ಯಾಂಪ್ ಬರುತ್ತಿದ್ದರು. ಬೆಳಗಿನ ಟ್ರಿಪ್ಪು ಮುಗಿಸಿ, ಖಾಲಿ ಬಸ್ಸನ್ನು ಬಂಗಲೆಯ ಮುಂದೆ ನಿಲ್ಲಿಸಿದೆವು. ಡಾಕ್ಟರ ಚೀಟಿ, ವಯಸ್ಸಿಗೆ ಶಾಲೆಯ ಸರ್ಟಿಫಿಕೇಟು, ಎರಡು ಫೋಟೋ ಕೊಟ್ಟೆ. ಫೋಟೋದಲ್ಲಿದ್ದ ಕೋಟು ಸ್ಟುಡಿಯೋದವನದು.

"ಪರ್ಮಿಟ್ಟಿಗೆ ಬಂದಿದ್ದೀಯೋ ಹೆಣ್ಣು ನೋಡೋಕೆ ಬಂದಿದ್ದೀಯೋ?" ಎಂದರು ಇನ್ಸ್‌ಪೆಕ್ಟರು. ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ. ಕಾಯಿದೆಯಲ್ಲಿತ್ತೋ ಇಲ್ಲವೋ, ಸಹಿ ಹಾಕುವ ಮುಂಚೆ ಕೈ ಹೇಗಿದೆ ನೋಡುವುದು ಅವರ ಪದ್ಧತಿ. "ನಡಿ, ಆನವಟ್ಟಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರೋಣ" ಎಂದು ಹತ್ತಿ ನನ್ನ ಹಿಂದೆ ಕೂತರು. ಉಸ್ತಾದರು ನನ್ನ ಎಡಕ್ಕೆ ಕೂತರು.

ಕೈ ಚೆನ್ನಾಗಿಯೇ ನಡೆಯಿತು. ಗೇರು ಒಂದು ಸಲವೂ ಕಿರ್ರೆನ್ನಲಿಲ್ಲ. ಖಾಲಿ ಬಸ್ಸಿನಲ್ಲಿ ಉಸ್ತಾದರ ಹತ್ತಿರ ಮೈ ಮುರಿದು ಕಲಿತ ಕೆಲಸ, ತಪ್ಪುವುದಾದರೂ ಹೇಗೆ? ಊರು ದಾಟಿದ ಮೇಲೆ ಹಿಂದಿನಿಂದ ಇನ್ಸ್‌ಪೆಕ್ಟರು ಕೇಳಿದರು, "ಏನಯ್ಯಾ, ಯಾರಿಗೆ ಹೇಳ್ತಿದ್ದೀಯ?"

ಆಗ ನನಗೆ ಎಚ್ಚರವಾಯಿತು. ಬಂಗಲೆಯಿಂದ ಅಲ್ಲಿಯ ತನಕ ನಾನು ಕೂಗುತ್ತಲೇ ಬಂದಿದ್ದೆ. ಎಡಕ್ಕೆ ಗಾಡಿ, ಎದುರಿಗೆ ಮುದುಕ, ಸಾಫ್.

"ಸ್ಟೇರಿಂಗು ನಿನ್ನ ಕೈಯಲ್ಲೇ ಇದೆಯಲ್ಲ. ಇನ್ಯಾರಿಗೆ ದಾರಿ ತೋರಿಸ್ತೀಯ?"

"ರೂಢಿ ಸಾರ್. ಏಳು ವರ್ಷ ಕೂಗಿ ಕೂಗಿ ಬಾಯಿ ನಿಲ್ಲಂಗಿಲ್ಲ" ಅಂದೆ. ಅವರು ನಕ್ಕುಬಿಟ್ಟರು.

ಬಂಗಲೆಗೆ ವಾಪಸು ಬಂದ ಮೇಲೆ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಪೆನ್ನು ತೆಗೆದರು. ಅಂದರೆ ಪರ್ಮಿಟ್ಟು ಆದ ಹಾಗೇ. ಬರೆಯುತ್ತಾ, ತಲೆ ಎತ್ತದೆಯೇ ಕೇಳಿದರು, "ಕಲಿಸೋರು ನೀವೇ ಅಲ್ವಾ ಸಾಬ್ರೆ? ಕಣ್ಣು ಎಲ್ಲಾ ಸರಿಯಾಗಿದೆ ತಾನೆ?"

ಸುಮ್ಮನೆ ಕೇಳಿದ ಮಾತು. ಹೌದು ಅಂದರೆ ಮುಗಿಯಿತು. ಉಸ್ತಾದರು ನನ್ನ ಕಡೆ ಮುಖ ತಿರುಗಿಸಿದರು. ತಿರುವು ಬಂದಾಗಲೆಲ್ಲ ಹಾಗೇ ತಿರುಗಿಸುತ್ತಿದ್ದರು, ಆಚೆಯಿಂದ ಏನು ಬರುತ್ತದೆಂದು ನನ್ನ ಮಾತಿಗೆ ಕಾದು. ಎರಡು ವರ್ಷದಲ್ಲಿ ಒಂದು ಸಲವೂ ಅವರನ್ನು ಕಾಯಿಸಿದವನಲ್ಲ ನಾನು. ನಾಲಿಗೆಯ ತುದಿಯಲ್ಲೇ ಇತ್ತು, ಹದ್ದಿನ ಕಣ್ಣು ಸಾರ್ ಅನ್ನುವುದು. ತಾಯಮ್ಮನ ಮೊಣಕೈ ನೆನಪಾಯಿತು. ಬಾಯಿ ತೆರೆಯಲಿಲ್ಲ.

ಉಸ್ತಾದರು ಇನ್ನೂ ಸ್ವಲ್ಪ ಕಾದರು. ಆಮೇಲೆ ಮುಖ ಇನ್ಸ್‌ಪೆಕ್ಟರ ಕಡೆ ಮಾಡಿಕೊಂಡರು.

"ಕಾಣಂಗಿಲ್ಲ ಸ್ವಾಮಿ" ಅಂದರು.

ಇನ್ಸ್‌ಪೆಕ್ಟರು ತಮಾಷೆ ಅಂದುಕೊಂಡರು. "ನಿಮ್ ಮುಖಾನೂ ಕಾಣಂಗಿಲ್ಲ. ದನಿ ಮ್ಯಾಲೆ ಗುರುತು ಹಿಡಿತೀನಿ" ಎಂದು ಉಸ್ತಾದರು ಅಂದ ಮೇಲೆ ಇನ್ಸ್‌ಪೆಕ್ಟರ ಮುಖ ಕೆಂಪಾಯಿತು. ದಿನಾ ನಲವತ್ತು ಜನರನ್ನು ಕೂರಿಸಿಕೊಂಡು ಓಡಾಡುತ್ತಿದ್ದೆಯಾ, ಇದು ಇವನಿಗೆ ಗೊತ್ತಿತ್ತಾ ಎಂದು ನನ್ನ ಕಡೆ ಬೆರಳು ತೋರಿಸಿ ಕೂಗಾಡಿದರು.

"ಅವನಿಗ ಗೊತ್ತಿಲ್ಲ" ಅಂದರು ಉಸ್ತಾದರು. "ಯಾರಿಗೂ ಗೊತ್ತಿಲ್ಲ. ಅವನ ಕಾಗದ ಕೆಡಿಸಬ್ಯಾಡ್ರಿ."

ಆಗಲೂ ನಾನು ಬಾಯಿ ತೆರೆಯಲಿಲ್ಲ. ಮೊದಲ ಸಲ ಬಾಯಿ ಮುಚ್ಚಿದ್ದಕ್ಕೆ ತಾಯಮ್ಮನ ಹೆಸರು ಹೇಳಬಹುದು. ಎರಡನೆಯದಕ್ಕೆ ಯಾರ ಹೆಸರೂ ಇಲ್ಲ. ನನಗೆ ಪರ್ಮಿಟ್ಟು ಬೇಕಾಗಿತ್ತು, ಅಷ್ಟೇ.

ಇನ್ಸ್‌ಪೆಕ್ಟರು ನಂಬಿದರೋ, ನಂಬಿದ ಹಾಗೆ ಮಾಡಿದರೋ, ನನ್ನನ್ನು ಬಹಳ ಹೊತ್ತು ನೋಡಿದರು. ಉಸ್ತಾದರು ಅಂಗಿಗೆ ಚುಚ್ಚಿದ್ದ ಡ್ರೈವರಿನ ಹಿತ್ತಾಳೆ ಬಿಲ್ಲೆಯನ್ನು ತಾವೇ ತಡಕಾಡಿ ಬಿಚ್ಚಿ ಕೊಟ್ಟರು. ಲೈಸನ್ಸನ್ನೂ ಕೊಟ್ಟರು. ಇನ್ಸ್‌ಪೆಕ್ಟರು ನನ್ನ ಪರ್ಮಿಟ್ಟಿಗೆ ಸಹಿ ಹಾಕಿ, "ಪಕ್ಕ ಕೂರೋಕೆ ಕಣ್ಣಿರೋನ್ನ ಹುಡುಕ್ಕೋ" ಎಂದು ಕೈಗೆ ತುರುಕಿ ಒಳಗೆ ಹೋದರು.

ಇನ್ನು ವಾಪಸು ಬಸ್ಸು ಓಡಿಸುವವರೇ ಇರಲಿಲ್ಲ. ಸಾಹುಕಾರರು ಸಾಗರದ ಲೈನಿನಿಂದ ಕುತುಬುದ್ದೀನ್ ಎಂಬ ಡ್ರೈವರನ್ನು ಕರೆಸಿದರು. ಮೂರು ಗಂಟೆಯ ಟ್ರಿಪ್ಪು ಐದಕ್ಕೆ ಹೊರಟಿತು. ಪ್ಯಾಸೆಂಜರುಗಳು ಗೊಣಗಿದರು. ನಾವಿಬ್ಬರೂ ಹಿಂದಿನ ಸೀಟಿನಲ್ಲಿ ಕೂತೆವು, ಉಸ್ತಾದರು ಕಿಟಕಿಗೆ, ನಾನು ಪಕ್ಕಕ್ಕೆ. ಪರ್ಮಿಟ್ಟು ಜೇಬಿನಲ್ಲಿತ್ತು. ಅದನ್ನು ಮುಟ್ಟಿ ನೋಡಿಕೊಳ್ಳಲೂ ನನಗೆ ನಾಚಿಕೆಯಾಯಿತು. ಉಸ್ತಾದರು ಬೈದಿದ್ದರೆ ಚೆನ್ನಾಗಿತ್ತು, ಕಪಾಳಕ್ಕೆ ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು.

ಹತ್ತು ಮೈಲಿ ಆದ ಮೇಲೆ ಒಂದು ಕಡೆ ಬಸ್ಸು ನಿಧಾನವಾಯಿತು. ಉಸ್ತಾದರು ತಲೆ ಎತ್ತಿದರು.

"ಬೆನಕಾ, ಏನ್ ಬಂತು?"

"ಕುತುಬುದ್ದೀನ್ ಓಡಿಸ್ತಾರಲ್ಲ ಉಸ್ತಾದ್" ಅಂದೆ.

"ಹೇಳಲೇ. ಕುತುಬು ಓಡಿಸ್ಲಿ. ನನಗ ರಸ್ತೆ ಬೇಕು."

ಎದ್ದು ನಿಂತು ಜನರ ತಲೆಯ ಮೇಲಿಂದ ಮುಂದಿನ ಗಾಜಿನ ಕಡೆ ನೋಡಿದೆ. "ಎಡಕ್ಕೆ ಹುಲ್ಲಿನ ಗಾಡಿ" ಅಂದೆ. "ದಾಟಿತು. ಎದುರಿಗೆ ಇಬ್ರು ಹೆಂಗಸ್ರು. ಸಾಫ್." ಪ್ಯಾಸೆಂಜರುಗಳು ತಿರುಗಿ ನನ್ನನ್ನು ನೋಡಿದರು. ಕಣ್ಣಲ್ಲಿ ನೀರು ಬರುತ್ತಿದ್ದುದರಿಂದ ನನಗೂ ಸರಿಯಾಗಿ ಕಾಣುತ್ತಿರಲಿಲ್ಲ, ಆದರೂ ಹೇಳುತ್ತಾ ಹೋದೆ. ಬಳ್ಳಿಗಾವಿ ಕ್ರಾಸು ಬಂತು.

"ತಾಯಮ್ಮ ನಿಂತಾಳ ಉಸ್ತಾದ್. ತಲಿ ಮ್ಯಾಲೆ ಹೊಸ ಮಡಕಿ."

ಅವರು ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದುಕೊಂಡರು. "ದೂರ ನಿಂತಾಳೇನು?"

"ದೂರ ನಿಂತಾಳ. ಬಸ್ಸು ಹೋಗ್ಲಿ ಅಂತ ಕಾಯ್ತಾಳ."

ಬಸ್ಸು ಅವಳನ್ನು ದಾಟಿತು. ಉಸ್ತಾದರು ಕಂಬಿಯಿಂದ ಕೈ ತೆಗೆದರು.

"ಸಾಫ್" ಎಂದು ಈ ಸಲ ಅವರೇ ಅಂದರು.