ಹಳೇ ಪೆಟ್ರೋಲಿನ ವಾಸನೆ

ಆ ವರ್ಷ ಶಿವಯ್ಯನ ದೋಣಿಯ ಇಂಜಿನ್ ಮೂರು ಸಲ ಕೈಕೊಟ್ಟಿತು. ಮೂರು ಸಲವೂ ಅವನು ಅದನ್ನು ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಕಾಲಬಳಿ ಇಟ್ಟುಕೊಂಡು ಆಲೂರಿಗೆ ಒಯ್ದ. ಅಲ್ಲಿ ಮೃತ್ಯುಂಜಯನ ಅಂಗಡಿ. ಕಾಫಿ ತೋಟಗಳ ಕಳೆ ಹೊಡೆಯುವ ಮಿಷನ್ನು, ಸ್ಪ್ರೇಯರುಗಳನ್ನು ರಿಪೇರಿ ಮಾಡುವವನು ಅವನು. ದೋಣಿಯ ಇಂಜಿನ್ ಎಂದು ಬರುತ್ತಿದ್ದುದು ಶಿವಯ್ಯನದೊಂದೇ.

ಮೂರನೇ ಸಲ ಮೃತ್ಯುಂಜಯ ಕಾರ್ಬೊರೇಟರ್ ಬಿಚ್ಚಿ, ಅದರೊಳಗಿನ ಪುಟ್ಟ ಹಿತ್ತಾಳೆ ತಿರುಪೊಂದನ್ನು ಬೆಳಕಿಗೆ ಹಿಡಿದು ತೋರಿಸಿದ. ನಡುವಿನ ತೂತು ಎಳ್ಳಿನ ಮೂತಿಗಿಂತ ಸಣ್ಣದು. ಅದೂ ಅಂಟಿನಿಂದ ಮುಚ್ಚಿಹೋಗಿತ್ತು.

"ಇದೇ ಜೆಟ್ಟು, ಶಿವಣ್ಣ. ಪೆಟ್ರೋಲೆಲ್ಲ ಈ ತೂತಲ್ಲೇ ಹೋಗ್ಬೇಕು. ತಿಂಗ್ಳುಗಟ್ಲೆ ನಿಂತ ಪೆಟ್ರೋಲ್ ಅಂಟಾಗಿ ಇಲ್ಲೇ ಕೂತ್ಕೊಂಬುಡ್ತದೆ. ತಂತಿ ಹಾಕಿ ಚುಚ್ಚಬ್ಯಾಡ, ತೂತು ದೊಡ್ದಾದ್ರೆ ಜೆಟ್ಟೇ ಹಾಳು. ದೋಣಿ ನಿಲ್ಲಿಸೋ ದಿನ ಪೆಟ್ರೋಲ್ ಟ್ಯಾಪ್ ಮುಚ್ಚಿ, ಒಳಗಿರೋದೆಲ್ಲ ಉರ್ದೋಗೋವರ್ಗೂ ಇಂಜಿನ್ ಓಡ್ಸು. ಹಳೇ ಪೆಟ್ರೋಲ್ ಸುರೀಬ್ಯಾಡ. ಕ್ಯಾನಿನ ಮುಚ್ಚಳ ತೆಗ್ದು ಮೂಸುದ್ರೆ ಸಾಕು ಮಾರಾಯ, ಬಣ್ಣದ ಡಬ್ಬದ ವಾಸ್ನೆ ಬಂದ್ರೆ ಕೆಟ್ಟೋಗೈತೆ ಅಂತ."

"ಮೂಸ್ತೀನಿ ಬುಡು" ಎಂದ ಶಿವಯ್ಯ.

ಸುಗ್ಗಿಯಲ್ಲಿ ಶಿವಯ್ಯ ಹೇಮಾವತಿ ಹಿನ್ನೀರಿನ ಈ ದಡದಿಂದ ಆ ದಡದ ಎಸ್ಟೇಟಿಗೆ ಕಾಫಿ ಕೊಯ್ಯುವವರನ್ನು ದಾಟಿಸುತ್ತಿದ್ದ. ಕೊಯ್ಲು ಮುಗಿದ ಮೇಲೆ ದೋಣಿಗೆ ಕೆಲಸವಿಲ್ಲ. ಜನವರಿ ಕೊನೆಯಲ್ಲಿ ಅದನ್ನು ದಡಕ್ಕೆ ಎಳೆದು ಬಿಟ್ಟವನು ಮಾರ್ಚ್ ಮುಗಿಯುವವರೆಗೂ ಮುಟ್ಟಲಿಲ್ಲ.

ಮುಟ್ಟಿದ್ದು ಹೆಂಡತಿ ಗಂಗಾಮಣಿಗಾಗಿ. ಅವಳು ಹಿಂದಿನ ವರ್ಷ ಜೇನು ಸಾಕುವುದನ್ನು ಕಲಿತು ಆರು ಪೆಟ್ಟಿಗೆ ಮಾಡಿಕೊಂಡಿದ್ದಳು. ಎರಡು ದಿನ ಚೆನ್ನಾಗಿ ಮಳೆ ಹುಯ್ದು, ಆಚೆ ದಡದ ತೋಟವೆಲ್ಲ ಒಟ್ಟಿಗೇ ಹೂಬಿಟ್ಟಿತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ರಂಗಸ್ವಾಮಿ, "ಹೂವಿರೋವಷ್ಟು ದಿನ ತಂದಿಟ್ಕೊಳ್ಳಮ್ಮ" ಎಂದು ಫೋನ್ ಮಾಡಿದ. ರಸ್ತೆಯಲ್ಲಿ ಸುತ್ತಿ ಹೋದರೆ ಕುಲುಕಾಟಕ್ಕೆ ಪೆಟ್ಟಿಗೆಯೊಳಗಿನ ಜೇನಿನ ಎರಿಗಳೇ ಉದುರಿಬಿಡುತ್ತವೆ. ದೋಣಿಯಾದರೆ ಅರ್ಧ ಗಂಟೆ. ಹುಳುಗಳೆಲ್ಲ ಗೂಡು ಸೇರಿದ ಮೇಲೆ ಸಂಜೆಯೇ ಪೆಟ್ಟಿಗೆಗಳ ಬಾಯಿಗೆ ಜಾಲರಿ ಕಟ್ಟಿ, ಬೆಳಗಿನ ಜಾವಕ್ಕೆ ದೋಣಿಗೆ ಹೊತ್ತರು.

"ಬಿಸ್ಲು ಏರೋದ್ರೊಳ್ಗೆ ಬಾಯಿ ಬಿಚ್ಬೇಕು ಕಣ್ರೀ. ಇಲ್ಲಾಂದ್ರೆ ಒಳಗೇ ಬೆಂದೋಯ್ತವೆ" ಎಂದಳು ಗಂಗಾಮಣಿ.

"ಏಳ್ ಗಂಟೆಗೆ ಆಚೆ ಇರ್ತೀವಿ" ಎಂದು ಶಿವಯ್ಯ ಕೊಟ್ಟಿಗೆ ಮೂಲೆಯ ಕ್ಯಾನಿನಿಂದ ಟ್ಯಾಂಕು ತುಂಬಿಸಿ, ಕ್ಯಾನನ್ನೂ ದೋಣಿಯಲ್ಲಿಟ್ಟುಕೊಂಡ.

ನೀರಿನ ಮೇಲೆ ಮಂಜು ಹಾಸಿತ್ತು. ದಡ ಬಿಟ್ಟು ಹತ್ತು ಮಾರು ಹೋಗುವಷ್ಟರಲ್ಲಿ ಹಿಂದಿನ ದಡ ಇರಲೇ ಇಲ್ಲ ಎನ್ನುವ ಹಾಗಾಯಿತು. ಒಣಗಿದ ಮರದ ಬೊಡ್ಡೆಗಳು ಒಂದೊಂದಾಗಿ ಎದುರು ಬಂದು, ಮಾತಾಡಿಸಲೋ ಬೇಡವೋ ಎಂಬಂತೆ ನಿಂತು, ಹಿಂದೆ ಸರಿದು ಕರಗುತ್ತಿದ್ದವು. ಒಂದರ ತುದಿಯಲ್ಲಿ ನೀರುಕಾಗೆ ರೆಕ್ಕೆ ಹರಡಿ ಕೂತಿತ್ತು. ಇಷ್ಟು ಸದ್ದಿಗೂ ಅದು ಅಲುಗಲಿಲ್ಲ.

ಹದಿನೈದು ನಿಮಿಷ ಹೋಗಿರಬೇಕು. ಇಂಜಿನ್ ಒಮ್ಮೆ ಬಿಕ್ಕಿತು. ಇನ್ನೊಮ್ಮೆ ಬಿಕ್ಕಿತು. ನಿಂತುಹೋಯಿತು.

ಶಿವಯ್ಯ ಹಗ್ಗ ಎಳೆದ. ಹತ್ತು ಸಲ, ಇಪ್ಪತ್ತು ಸಲ. ಕೈಸೋತು ಕೂತ. ದೋಣಿ ತನ್ನ ಪಾಡಿಗೆ ನಿಧಾನಕ್ಕೆ ಒಂದು ಸುತ್ತು ತಿರುಗಿತು. ಆಗಲೇ ಇಬ್ಬರಿಗೂ ಆ ಸದ್ದು ಕೇಳಿಸಿದ್ದು. ಆರು ಪೆಟ್ಟಿಗೆಗಳೊಳಗಿಂದ ಒಂದೇ ಶ್ರುತಿಯ ಗುಂಯ್‌ಗುಟ್ಟುವಿಕೆ, ದೋಣಿಯ ಹಲಗೆಗೂ ಹತ್ತಿ ಪಾದಕ್ಕೆ ತಾಕುತ್ತಿತ್ತು. ಸುತ್ತ ಬಿಳುಪು. ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗುತ್ತಿರಲಿಲ್ಲ. ಗಂಗಾಮಣಿಗೆ ತಾನು ಎದ್ದೇ ಇಲ್ಲ, ಇನ್ನೂ ಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದೇನೆ ಅನ್ನಿಸಿತು.

"ಹುಟ್ಟು ಹಾಕಣ" ಎಂದ ಶಿವಯ್ಯ. "ಆದ್ರೆ ಯಾವ ಕಡೀಕೆ ಅಂತ?"

ದೋಣಿ ತಿರುಗಿಬಿಟ್ಟಿತ್ತು. ಯಾವ ದಡ ಯಾವ ಕಡೆ ಅನ್ನುವುದು ತಪ್ಪಿಹೋಗಿತ್ತು.

ಅಷ್ಟರಲ್ಲಿ ಸಣ್ಣದಾಗಿ ಗಾಳಿ ಬೀಸಿತು. ಅದರ ಜೊತೆ ಕಾಫಿ ಹೂವಿನ ಘಮ, ಮಲ್ಲಿಗೆಯಂಥದು, ಮಲ್ಲಿಗೆಗಿಂತ ತಣ್ಣಗಿನದು, ಅವಳ ಮುಖದ ಮೇಲೆ ಒದ್ದೆ ಬಟ್ಟೆಯಂತೆ ಬಂದು ಬಿತ್ತು.

"ಬಂತಲ್ಲ! ಹೂವಿರೋದು ಆಚೆ ದಡದಲ್ಲಿ ಮಾತ್ರ. ವಾಸ್ನೆ ಹಿಡ್ಕೊಂಡು ಹೋದ್ರಾಯ್ತು. ನಿಮ್ಗೆ ಯಾವ ಕಡೆಯಿಂದ ಅನ್ನಿಸ್ತದೆ?"

ಶಿವಯ್ಯ ಎಡಕ್ಕೆ ಕೈ ತೋರಿಸಿದ. ಘಮ ಬರುತ್ತಿದ್ದುದು ಬಲಗಡೆಯಿಂದ.

"ಅಲ್ವಲ್ರೀ. ಸರ್‍ಯಾಗಿ ನೋಡಿ."

ಅವನು ಈ ಸಲ ಹಿಂದಕ್ಕೆ ತೋರಿಸಿದ. ಅವಳು ಅವನ ಮುಖವನ್ನೇ ನೋಡಿದಳು. ಇಡೀ ಹಿನ್ನೀರೇ ಹೂವಾದಂತೆ ಘಮಘಮಿಸುತ್ತಿರುವಾಗ, ಅವನ ಮುಖದಲ್ಲಿ ಪರೀಕ್ಷೆಗೆ ಓದದೆ ಬಂದವನ ಪೆಚ್ಚು. ಅವಳು ಬಗ್ಗಿ ಪೆಟ್ರೋಲ್ ಕ್ಯಾನಿನ ಮುಚ್ಚಳ ತಿರುಗಿಸಿದಳು. ಹಳೇ ಬಣ್ಣದ ಡಬ್ಬದ ಹುಳಿ ನಾತ ಗಪ್ಪೆಂದು ಮೂಗಿಗೆ ಬಡಿಯಿತು.

"ಇದ್ನ ಮೂಸಿ ನೋಡಿದ್ರಾ?"

"ನೋಡ್ದೆ."

"ಹೆಂಗಿತ್ತು?"

ಶಿವಯ್ಯ ನೀರಿನ ಕಡೆ ನೋಡಿದ. "ನಾಕ್ ವರ್ಷದಿಂದ ಇಲ್ಲ ಕಣೆ."

"ಏನಿಲ್ಲ?"

"ವಾಸ್ನೆ. ಆವತ್ತು ಇಬ್ರಿಗೂ ಜ್ವರ ಬಂದು ಮಲಗಿದ್ವಲ್ಲ, ಆಗ ಹೋಯ್ತು. ನಿಂಗೆ ವಾಪಸ್ ಬಂತು. ನಂಗೂ ಬತ್ತದೆ ಅಂದ್ಕೊಂಡೆ. ಅಷ್ಟ್ರಲ್ಲಿ ನೀನು ಅರಿಶ್ನದೆಲೆ ಕಡುಬು ಮಾಡಿ, ಘಮ ಹೆಂಗೈತೆ ಅಂತ ಕೇಳ್ದೆ. ಚೆನ್ನಾಗೈತೆ ಅಂದ್ಬುಟ್ಟೆ. ಒಂದ್ಸಲ ಅಂದ್ಮೇಲೆ ಹೆಂಗೆ ಹಿಂದಕ್ಕೆ ತಗಳ್ಳಲಿ?"

ನಾಲ್ಕು ವರ್ಷದಿಂದ ಗಂಗಾಮಣಿ ಕೇಳುತ್ತ ಬಂದದ್ದು ಅದೊಂದೇ ಮಾತು. ಸಾರು ಸೀದರೂ ಚೆನ್ನಾಗೈತೆ, ಹಬ್ಬದ ಒಬ್ಬಟ್ಟಿಗೂ ಚೆನ್ನಾಗೈತೆ. ಇವನಿಗೆ ತನ್ನ ಮೇಲೆ, ತನ್ನ ಕೈಯಡುಗೆಯ ಮೇಲೆ ಮನಸ್ಸೇ ಇಲ್ಲ ಎಂದುಕೊಂಡು, ಆ ನೋವನ್ನು ಬಾಯಿಬಿಟ್ಟು ಹೇಳದೆ ನುಂಗಿಕೊಂಡಿದ್ದಳು. ಈಗ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ.

"ಥೂ ನಿಮ್ಮ. ನಾನು ಏನೇನೋ ಅಂದ್ಕೊಂಬುಟ್ಟಿದ್ನಲ್ರೀ" ಎಂದಳು. ಕಣ್ಣೊರೆಸಿಕೊಂಡು ಅವನ ಕೈಗೆ ಹುಟ್ಟು ಕೊಟ್ಟಳು. "ಹಾಕಿ. ನಾನು ಹೇಳ್ದಂಗೆ."

ಅವಳು ದೋಣಿಯ ಮೂತಿಯಲ್ಲಿ ಕಣ್ಣು ಮುಚ್ಚಿ ಕೂತಳು. "ಬಲಕ್ಕೆ... ಇನ್ನೊಂಚೂರು... ನೆಟ್ಟಗೆ." ಗಾಳಿ ನಿಂತರೆ ಅವರೂ ನಿಲ್ಲುವರು. ಆಗ ಹುಟ್ಟಿನಿಂದ ತೊಟ್ಟಿಕ್ಕುವ ನೀರು, ಹುಳುಗಳ ಗುಂಯ್‌ಗಾನ ಮಾತ್ರ. ಮತ್ತೆ ಘಮ ಬಂದಾಗ ಅವಳು ಕೈ ಎತ್ತುವಳು, ಅವನು ಹುಟ್ಟು ಹಾಕುವನು. ಮಂಜಿನೊಳಗೆ ಎಲ್ಲೋ ಸೂರ್ಯ ಹುಟ್ಟಿ, ಬಿಳುಪೆಲ್ಲ ಹಾಲಿಗೆ ಕೇಸರಿ ಬಿದ್ದಂತೆ ಬಣ್ಣ ತಿರುಗಿತು. ಪೆಟ್ಟಿಗೆಗಳ ಸದ್ದು ಏರುತ್ತಿತ್ತು. ಅವಳು ಸೆರಗನ್ನು ನೀರಿಗೆ ಅದ್ದಿ ಮುಚ್ಚಳಗಳ ಮೇಲೆ ಹಿಂಡಿ ತಂಪು ಮಾಡಿದಳು.

"ಹೆಂಗಿರ್ತದೆ?" ಎಂದು ಶಿವಯ್ಯ ಇದ್ದಕ್ಕಿದ್ದಂತೆ ಕೇಳಿದ. "ಈಗ ಬತ್ತಿರೋದು. ನಂಗೆ ಮರ್ತೋಗೈತೆ."

ಗಂಗಾಮಣಿ ಇನ್ನೊಮ್ಮೆ ಉಸಿರೆಳೆದುಕೊಂಡಳು. "ಸಣ್ ಮಗೂಗೆ ಸ್ನಾನ ಮಾಡ್ಸಿ ಬಟ್ಟೇಲಿ ಸುತ್ತಿ ಎತ್ಕೊಂಡಂಗಿರ್ತದೆ."

ಅವನು ತಲೆಯಾಡಿಸಿ ಹುಟ್ಟು ಹಾಕಿದ.

ಎಂಟೂವರೆಗೆ ದೋಣಿಯ ಮೂತಿ ಕೆಸರಿಗೆ ತಾಗಿತು. ಮಂಜು ಹರಿದು ಎದುರಿಗೆ ಗುಡ್ಡ ಗುಡ್ಡವೇ ಬೆಳ್ಳಗೆ ನಿಂತಿತ್ತು. ಇಬ್ಬರೂ ಪೆಟ್ಟಿಗೆಗಳನ್ನು ನೆರಳಿಗೆ ಹೊತ್ತು ಜಾಲರಿ ಬಿಚ್ಚಿದರು. ಐದರಿಂದ ಹುಳುಗಳು ದಾರದಂತೆ ಹೊರಬಿದ್ದು ಹೂವಿನೊಳಗೆ ಮಾಯವಾದವು. ಆರನೆಯದರಲ್ಲಿ ಅರ್ಧಕ್ಕರ್ಧ ಸತ್ತು ತಳದಲ್ಲಿ ಬಿದ್ದಿದ್ದವು. ಗಂಗಾಮಣಿ ಅವನ್ನು ಅಂಗೈಯಲ್ಲಿ ಬಾಚಿ ಗಿಡದ ಬುಡಕ್ಕೆ ಸುರಿದಳು. ಶಿವಯ್ಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, "ನನ್ನಿಂದ ಆಯ್ತು" ಎಂದ. ಅವಳು ಇಲ್ಲವೆನ್ನಲಿಲ್ಲ. ಅವನ ಹೆಗಲ ಮೇಲೆ ಕೈ ಊರಿ ಎದ್ದಳು.

ಇಂಜಿನ್ ನಾಲ್ಕನೇ ಸಲ ಆಲೂರಿಗೆ ಹೋದಾಗ ಅವಳೂ ಹೋದಳು. "ಇವ್ರಿಗೆ ಮೂಗು ಕೇಳ್ಸಲ್ಲ" ಎಂದು ಮೃತ್ಯುಂಜಯನ ಮುಂದೆ ಅವಳೇ ಹೇಳಿದಳು. ಅವನು ನಗಲಿಲ್ಲ. ಪೆಟ್ರೋಲ್ ನಳಿಗೆಗೆ ಒಂದು ಸಣ್ಣ ಫಿಲ್ಟರ್ ಹಾಕಿಕೊಟ್ಟ, ಕ್ಯಾನಿನ ಮೇಲೆ ಪೆಟ್ರೋಲ್ ತಂದ ತಾರೀಖು ಬರೆಯಲು ಮಾರ್ಕರ್ ಪೆನ್ನೊಂದನ್ನು ಕೊಟ್ಟ. ತಿಂಗಳು ದಾಟಿದ್ದನ್ನು ದೋಣಿಗೆ ಸುರಿಯಬೇಡಿ ಎಂದ. ಮಳೆ ಕಳೆದು ಹೊಸ ಸುಗ್ಗಿ ಬಂದಾಗ ಮುಚ್ಚಳ ತೆಗೆದು ಮೂಸುವ ಕೆಲಸ ಅವಳದಾಯಿತು. ಆ ಸುಗ್ಗಿಯಲ್ಲಿ ಇಂಜಿನ್ ಒಮ್ಮೆಯೂ ನಿಲ್ಲಲಿಲ್ಲ.

ಕೊಯ್ಲಿನ ಕೊನೆಯ ದಿನ ಹೆಣ್ಣಾಳುಗಳನ್ನು ಇಳಿಸಿದ ಮೇಲೆ ಅವರಿಬ್ಬರೇ ದೋಣಿಯಲ್ಲಿ ಉಳಿದರು. ಮೃತ್ಯುಂಜಯ ಹೇಳಿದ್ದಂತೆ ಶಿವಯ್ಯ ಪೆಟ್ರೋಲ್ ಟ್ಯಾಪು ಮುಚ್ಚಿದ. ಇಂಜಿನ್ ಮಾತ್ರ ಓಡುತ್ತಲೇ ಇತ್ತು.

"ಮುಗೀತಾ?" ಎಂದಳು ಗಂಗಾಮಣಿ.

"ಇರು, ಇನ್ನೂ ಐತೆ. ಕೇಳು."

ಸದ್ದು ತೆಳ್ಳಗಾಯಿತು, ಒಮ್ಮೆ ಏರಿತು, ಒಂದೆರಡು ಸಲ ತೊದಲಿ ಆರಿತು. ಕಾರ್ಬೊರೇಟರಿನ ತಳದ ಬಟ್ಟಲಿನ ತಿರುಪು ಸಡಿಲಿಸಿದಾಗ ಒಂದೇ ಒಂದು ಹನಿ ಬಂದು ಚಿಂದಿಯ ಮೇಲೆ ಬಿತ್ತು. ಸಂಜೆಬಿಸಿಲು ನೀರಿನ ಮೇಲೆ ಹಾಸಿಕೊಂಡಿತ್ತು. ಇಳಿದು ಹೋಗಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.